ಹೆಡ್‌ಮಾಸ್ಟರ ಕಂದು ಪ್ಯಾಂಟು

ಏಳನೇ ತರಗತಿಯ ತಿಯಾಮಿಕೆ ಮೂರು ವಾರದಿಂದ ಶಾಲೆಗೆ ಬಂದಿರಲಿಲ್ಲ. ಎರಡು ವಾರ ದಾಟಿದರೆ ಮಗುವಿನ ಮನೆಗೆ ಹೋಗಿ ವಿಚಾರಿಸುವುದು ನಮ್ಮ ಶಾಲೆಯ ತಾಯಂದಿರ ಗುಂಪಿನ ಕೆಲಸ. ಗುಂಪಿನಲ್ಲಿ ನಾವು ಆರು ಜನ. ಮುಖ್ಯಸ್ಥೆ ಫಲೆಸಿ, ಸಂತೆಯಲ್ಲಿ ಮಂದಾಸಿ ಎಂಬ ಸಿಹಿ ಬೋಂಡಾ ಕರಿದು ಮಾರುವವಳು. ಆಳೂ ದೊಡ್ಡದು, ದನಿಯೂ ದೊಡ್ಡದು. ಓದು ಬರಹ ಬಲ್ಲವಳೆಂದು ನನ್ನನ್ನು ಕಾರ್ಯದರ್ಶಿ ಮಾಡಿದ್ದರು.

ಮಕ್ಕಳು ಶಾಲೆ ಬಿಡುವ ಕಾರಣಗಳೆಲ್ಲ ನಮಗೆ ಬಾಯಿಪಾಠ. ಸಮವಸ್ತ್ರ ಹರಿದಿರುತ್ತದೆ, ಇಲ್ಲವೇ ಒಗೆಯಲು ಸೋಪಿರುವುದಿಲ್ಲ, ಹುಡುಗಿಯಾದರೆ ಮದುವೆ. ಹಾಗಾಗಿ ಎರಡು ಸೋಪು, ಒಂದು ಹೊಸ ಲಂಗ, ಮದುವೆಯ ವಿರುದ್ಧ ಒಂದು ಭಾಷಣ, ಇಷ್ಟನ್ನು ಹಿಡಿದು ನಾನೂ ಫಲೆಸಿಯೂ ಗುಡ್ಡದ ಕೆಳಗಿನ ಆ ಮನೆಗೆ ಹೋದೆವು. ತಿಯಾಮಿಕೆಗೆ ದಿಕ್ಕೆಂದರೆ ಅಜ್ಜಿ ಎನೆಲೆಸಿ ಒಬ್ಬಳೇ. ಮುದುಕಿ ಊದಿದ ಮೊಣಕಾಲು ಚಾಚಿಕೊಂಡು ಜಗಲಿಯ ಮೇಲೆ ಕೂತಿದ್ದಳು.

ಫಲೆಸಿ ಶುರುಮಾಡಿದಳು. “ನೋಡಜ್ಜೀ, ಈ ವಯಸ್ಸಲ್ಲಿ ಮದುವೆ ಅಂದ್ರೆ ದೊಡ್ಡ ತಪ್ಪು. ಕಾನೂನೂ ಒಪ್ಪಲ್ಲ...”

“ಯಾರಿಗೇ ಮದುವೆ?” ಅಜ್ಜಿ ಕಣ್ಣರಳಿಸಿದಳು. “ನಂಗಾ? ಗಂಡು ಎಲ್ಲಿಯೋನು? ಹಲ್ಲಿದ್ಯಾ ಅವನಿಗೆ?”

ಫಲೆಸಿಯ ಭಾಷಣ ಅಲ್ಲಿಗೇ ನಿಂತಿತು.

ಕಾರಣ ಮದುವೆಯಲ್ಲ, ಕೋತಿ. ಅವರ ಹೊಲ ಗುಡ್ಡಕ್ಕೆ ಅಂಟಿಕೊಂಡಿತ್ತು. ಮೆಕ್ಕೆಜೋಳದ ತೆನೆ ಹಾಲು ತುಂಬಿ ನಿಂತಿದ್ದೇ ತಡ, ನಾಯಿಮೋರೆಯ ದೊಡ್ಡ ಕೋತಿಗಳು ಹಿಂಡುಹಿಂಡಾಗಿ ಇಳಿಯತೊಡಗಿದ್ದವು. ಅಜ್ಜಿ ಓಡಲಾರಳು. ಹುಡುಗಿ ಸತ್ತ ತಾತನ ಪ್ಯಾಂಟು ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ಹೊಲ ಕಾಯುತ್ತಿದ್ದಳು.

“ತಾತನ ಪ್ಯಾಂಟು ಯಾಕಜ್ಜೀ?” ಎಂದೆ.

“ಹೆಂಗಸ್ರಿಗೆ ಅವು ಹೆದರಲ್ಲ ಕಣೇ. ಅವೂ ಈ ಊರಿನ ಗಂಡಸ್ರೇ ಅಲ್ವಾ!”

ನಾವು ನಕ್ಕೆವು. ಫಲೆಸಿ ನಿಂತಲ್ಲೇ ತೀರ್ಮಾನ ಹೇಳಿದಳು: “ಸೋಮವಾರದಿಂದ ಹುಡುಗಿ ಶಾಲೆಗೆ. ಹೊಲ ನಾವು ಕಾಯ್ತೀವಿ, ದಿನಕ್ಕೊಬ್ರು.” ಬಾಗಿಲ ಹಿಂದೆ ಕೇಳಿಸಿಕೊಳ್ಳುತ್ತಿದ್ದ ತಿಯಾಮಿಕೆ ಆಗಲೇ ಚೀಲ ಹೆಗಲಿಗೇರಿಸಿಕೊಂಡು ಹೊರಬಂದಳು. ಅಂದು ಶನಿವಾರ ಎಂದು ನಾವೇ ನೆನಪಿಸಬೇಕಾಯಿತು.

ಸೋಮವಾರದ ಪಾಳಿ ನನ್ನದು. ತಗಡಿನ ಡಬ್ಬ ಬಡಿದೆ, ಕೂಗಿದೆ, ಕಲ್ಲೆಸೆದೆ. ಹಿಂಡಿನ ಯಜಮಾನ ಹತ್ತು ಹೆಜ್ಜೆ ದೂರದಲ್ಲಿ ಕುಕ್ಕರಗಾಲಲ್ಲಿ ಕೂತು, ನಾನು ಸೊಂಟಕ್ಕೆ ಸುತ್ತಿದ್ದ ಚಿತೆಂಜೆ ಬಟ್ಟೆಯನ್ನು ಮೇಲಿಂದ ಕೆಳಗೆ ನೋಡಿ, ಒಂದು ತೆನೆ ಮುರಿದು ನಿಧಾನವಾಗಿ ಸಿಪ್ಪೆ ಸುಲಿಯಿತು. ಊಟಕ್ಕೆ ಕೂತ ನನ್ನ ಗಂಡ ಪಲ್ಯ ಇನ್ನೂ ಯಾಕೆ ಬರಲಿಲ್ಲ ಎಂದು ನೋಡುವ ನೋಟ ಅದು. ಸಂಜೆಯೊಳಗೆ ಎರಡು ಸಾಲು ಖಾಲಿ.

ಮರುದಿನ ಫಲೆಸಿ ತಾತನ ಪ್ಯಾಂಟು ತರಿಸಿಕೊಂಡಳು. ಪಾಪ, ತಾತ ಕಡ್ಡಿಯಂಥವನಿದ್ದನಂತೆ. ಮೊಣಕಾಲಿನವರೆಗೆ ಸಲೀಸಾಗಿ ಏರಿತು. ಆಮೇಲೆ ಪರ್ ಎಂದಿತು.

“ನಲವತ್ತು ವರ್ಷ ಅವರು ಹಾಕಿದ್ರು,” ಎಂದಳು ಅಜ್ಜಿ, “ಒಂದು ಹೊಲಿಗೆ ಬಿಟ್ಟಿರ್ಲಿಲ್ಲ.”

ಫಲೆಸಿಗೆ ಆಗುವಂಥ ಪ್ಯಾಂಟು ಸುತ್ತಮುತ್ತ ಒಬ್ಬರ ಹತ್ತಿರವೇ ಇತ್ತು: ಹೆಡ್‌ಮಾಸ್ಟರ್ ಕಲಿಲೊಂಬೆ. ಆ ವಾರದ ಸಭೆಯಲ್ಲಿ ಅವರು ಎಂದಿನಂತೆ, “ಶಾಲೆ ಬೇರೆ ಅಲ್ಲ, ಊರು ಬೇರೆ ಅಲ್ಲ. ನಮ್ಮದೆಲ್ಲ ನಿಮ್ಮದೇ,” ಎಂದು ಮುಗಿಸಿದರು.

ಫಲೆಸಿ ಎದ್ದು ನಿಂತಳು. “ಹಾಗಾದ್ರೆ ಮೇಷ್ಟ್ರೇ, ನಿಮ್ಮ ಪ್ಯಾಂಟು ಕೊಡಿ.”

ಮೇಷ್ಟ್ರು ಮೇಜಿನ ಹಿಂದೆ ಸರಿದರು. “ಈಗ್ಲೇನಾ?”

ವಿಷಯವನ್ನು ನಾನು ಬಿಡಿಸಿ ಹೇಳಿದ ಮೇಲೆ ಅವರಿಗೆ ಉಸಿರು ಬಂತು. ಮನೆಯಿಂದ ಕಂದು ಪ್ಯಾಂಟನ್ನೂ ಅದರ ಜೋಡಿ ಕೋಟನ್ನೂ ಕಳಿಸಿಕೊಟ್ಟರು. ಫಲೆಸಿ ಅವನ್ನು ತೊಟ್ಟು, ತಲೆಗೆ ಗಂಡನ ಹ್ಯಾಟಿಟ್ಟು ಹೊಲಕ್ಕಿಳಿದಳು. ಕೋತಿಗಳು ಒಮ್ಮೆ ನೋಡಿದವು, ಇನ್ನೊಮ್ಮೆ ನೋಡುವ ಗೋಜಿಗೆ ಹೋಗದೆ ಗುಡ್ಡ ಹತ್ತಿದವು. ಅಂದಿನಿಂದ ಪಾಳಿ ಯಾರದಾದರೂ ಆ ಕಂದು ಪ್ಯಾಂಟೇ; ನಾವು ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳುತ್ತಿದ್ದೆವು, ಫಲೆಸಿಗೆ ಹಗ್ಗ ಬೇಕಿರಲಿಲ್ಲ.

ಒಂದು ಗುರುವಾರ ಇಲಾಖೆಯ ಸಾಹೇಬರು ತಪಾಸಣೆಗೆಂದು ಮೋಟಾರು ಸೈಕಲ್ಲಿನಲ್ಲಿ ಬಂದರು. ಶಾಲೆಯ ದಾರಿ ಗುಡ್ಡದ ಬುಡದಲ್ಲೇ ಹಾಯುತ್ತದೆ. ಜೋಳದ ನಡುವೆ ಪರಿಚಿತ ಕಂದು ಕೋಟು, ಪರಿಚಿತ ಅಗಲದ ಬೆನ್ನು ಕಂಡಿತು. ಸಾಹೇಬರ ಪಿತ್ತ ನೆತ್ತಿಗೇರಿತು.

“ಕಲಿಲೊಂಬೆ! ಶಾಲೆ ವೇಳೇಲಿ ಬೇಸಾಯ ಮಾಡ್ತಿದ್ದೀರೇನ್ರೀ?” ಎಂದು ಕೂಗುತ್ತ ಹೊಲಕ್ಕೆ ನುಗ್ಗಿದರು.

ಫಲೆಸಿಗೆ ಗಾಳಿಯಲ್ಲಿ ಮಾತು ಕೇಳಿಸಲಿಲ್ಲ, ಹಿಂದೆ ಜೋಳ ಅಲ್ಲಾಡಿದ್ದಷ್ಟೇ ಗೊತ್ತಾಯಿತು. ತಿರುಗಿ ಒಂದು ಹೆಂಟೆ ಎಸೆದಳು. ಸಾಹೇಬರ ಟೋಪಿ ಹಾರಿತು. ಸಾಹೇಬರು ಬಂದ ದಾರಿಯಲ್ಲೇ ಓಡಿದರು.

ಹತ್ತು ನಿಮಿಷದ ನಂತರ ಅವರು ಏದುಸಿರು ಬಿಡುತ್ತ ಶಾಲೆಗೆ ಬಂದರು. ಬಾಗಿಲಲ್ಲಿ ಬೂದು ಪ್ಯಾಂಟಿನ ಕಲಿಲೊಂಬೆ ಮೇಷ್ಟ್ರು ಕೈಮುಗಿದು ನಿಂತಿದ್ದರು. ಸಾಹೇಬರು ಅವರನ್ನು ನೋಡಿದರು, ತಿರುಗಿ ಗುಡ್ಡದ ಕಡೆ ನೋಡಿದರು.

“ನಿಮಗೆ ಅವಳಿ ತಮ್ಮ ಇದ್ದಾನೇನ್ರೀ?”

“ಇಲ್ಲ ಸಾರ್. ಅದು ತಾಯಂದಿರ ಗುಂಪು.”

ಅಷ್ಟರಲ್ಲಿ ಫಲೆಸಿ ಟೋಪಿಯ ಮಣ್ಣು ಕೊಡವುತ್ತ ಓಡಿಬಂದಳು. “ತಪ್ಪಾಯ್ತು ಸಾಹೇಬ್ರೇ. ಕೋತಿ ಅಂದ್ಕೊಂಡೆ.”

ಕಥೆಯೆಲ್ಲ ಕೇಳಿ ಸಾಹೇಬರು ಟೋಪಿ ಇಸಿದುಕೊಂಡರು. ಆಮೇಲೆ ತಿಯಾಮಿಕೆಯನ್ನು ಕರೆಸಿ ಭಿನ್ನರಾಶಿಯ ಲೆಕ್ಕ ಕೊಟ್ಟರು. ಹುಡುಗಿ ಎರಡು ಮಾಡಿದಳು. ಒಂದು ಸರಿ, ಒಂದು ತಪ್ಪು. ತಪ್ಪಿದ್ದನ್ನು ಸಾಹೇಬರೇ ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸಿಕೊಟ್ಟರು. ಪೋಷಕರ ಸಹಕಾರ ಹೇಗಿದೆ ಎಂಬ ಅಂಕಣದಲ್ಲಿ “ಬಲವಾಗಿದೆ” ಎಂದು ಬರೆದು ತಲೆ ಸವರಿಕೊಂಡರು.

ಕಟಾವಿನ ದಿನ ಮೇಲಿನ ತರಗತಿಯ ಮಕ್ಕಳೆಲ್ಲ ಬಂದು ತೆನೆ ಹೊತ್ತರು. ಕಣಜ ತುಂಬಿದ್ದನ್ನು ನೋಡಿ ಅಜ್ಜಿ ಚಿತೆಂಜೆಯ ಸೆರಗಲ್ಲಿ ಮುಖ ಒರೆಸಿಕೊಂಡಳು. ಅಳುತ್ತಿದ್ದಾಳೆಂದು ನಾನು ಹತ್ತಿರ ಹೋದರೆ, “ನಿಮ್ಮ ಗುಂಪಿಗೆ ನನ್ನನ್ನೂ ಸೇರಿಸ್ಕೊಳ್ರೇ. ಕಾಲಿಲ್ಲ ಅಷ್ಟೆ, ನಾಲಿಗೆ ನೆಟ್ಟಗಿದೆ,” ಎಂದಳು.

ಮುಂದಿನ ವಾರ ಒಬ್ಬ ಅಪ್ಪ ಮಗಳನ್ನು ಇಟ್ಟಿಗೆ ಹೊರಲು ಹಚ್ಚಿ ಶಾಲೆ ಬಿಡಿಸಿದ್ದ. ನಾವು ಎರಡು ಸಲ ಹೋಗಿ ಬರಿಗೈಲಿ ಬಂದಿದ್ದೆವು. ಮೂರನೆಯ ಸಲ ಅಜ್ಜಿಯನ್ನು ಮೇಷ್ಟ್ರ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋಗಿ ಆ ಮನೆಯಂಗಳದಲ್ಲಿ ಇಳಿಸಿ, ನಾವು ಮಾವಿನ ಮರದಡಿ ಕಾದೆವು. ಒಂದು ಪಾತ್ರೆ ನೀರು ಕುದಿಯುವಷ್ಟು ಹೊತ್ತೂ ಆಗಿರಲಿಲ್ಲ. ಅಪ್ಪನೇ ಮಗಳ ಕೈಹಿಡಿದು ಹೊರಬಂದ.

“ಶಾಲೆಗೆ ಕಳಿಸ್ತೀನಿ,” ಎಂದ ಬೆವರು ಒರೆಸುತ್ತ. “ದಯವಿಟ್ಟು ಆ ಅಜ್ಜೀನ ಕರ್ಕೊಂಡ್ ಹೋಗಿ.”