ಸುಣ್ಣ ಹೆಚ್ಚಾದ ಎಲೆ

ಸಂಡೂರಿನ ಹತ್ತಿರದ ಯಶವಂತನಗರದಿಂದ ಕಂಪ್ಲಿಗೆ ಸೊಸೆಯಾಗಿ ಬಂದ ನೀಲಗಂಗಮ್ಮನಿಗೆ ಗೊತ್ತಿದ್ದ ಸುಣ್ಣ ಒಂದೇ, ಗೋಡೆಯ ಸುಣ್ಣ. ತಾಯಿ ಅವಳ ಚಿಕ್ಕಂದಿನಲ್ಲೇ ತೀರಿಹೋಗಿದ್ದಳು. ಗಣಿಯಲ್ಲಿ ದುಡಿಯುತ್ತಿದ್ದ ಅಪ್ಪ ಎಲೆ ಅಡಿಕೆ ಮುಟ್ಟಿದವನಲ್ಲ. ಅದಿರಿನ ಕೆಂಪು ಧೂಳು ಕೂತ ಗೋಡೆಗೆ ಅಪ್ಪ ಮಗಳು ಕೂಡಿ ವರ್ಷಕ್ಕೊಮ್ಮೆ ದಪ್ಪಗೆ ಸುಣ್ಣ ಬಳಿಯುತ್ತಿದ್ದರು, ಅಷ್ಟೆ.

ಮಾವ ಮರುಳಸಿದ್ದಪ್ಪನದು ಅಕ್ಕಿ ಗಿರಣಿ. ಕಾಲುವೆ ನೀರಿಗೆ ಎರಡು ಬೆಳೆ ಭತ್ತ ಬರುವ ಕಾಲ. ಪಡಸಾಲೆಯಲ್ಲಿ ಜನ ತಪ್ಪಿದ್ದಿಲ್ಲ. ಮದುವೆಯಾದ ಹೊಸದರಲ್ಲಿ ಹೊಸಪೇಟೆಯಿಂದ ನೆಂಟರು ಬಂದರು. ಊಟವಾಯಿತು. ಅತ್ತೆ ಹಂಪಮ್ಮ ಒಳಗೆ ಕೆಲಸದಲ್ಲಿದ್ದಳು.

"ನೀಲವ್ವ, ಎಲಿ ಮಡಿಚಿ ತಗೊಂಡು ಬಾರವ್ವ," ಎಂದು ಮಾವ ಕೂಗಿದ.

ಅವಳು ಡಬ್ಬಿ ತೆರೆದು, ಒಂದೊಂದು ಎಲೆಗೂ ಬೆರಳು ತುಂಬ ಸುಣ್ಣ ತೆಗೆದು ಹಸಿರು ಕಾಣದಂತೆ ಬಳಿದಳು. ಅಡಿಕೆ ಇಟ್ಟು ಅಂದವಾಗಿ ಮಡಿಚಿ ತಟ್ಟೆಯಲ್ಲಿ ತಂದಿಟ್ಟಳು.

"ಸೊಸಿ ಕೈಯಾನ ಎಲಿ, ಮೊದಲು ನೀವು ತಗೋರಿ," ಎಂದರು ನೆಂಟರು.

ಮಾವ ಒಂದನ್ನು ಬಾಯಿಗೆ ಹಾಕಿಕೊಂಡ. ಜಗಿಯುತ್ತಿದ್ದ ದವಡೆ ನಿಂತಿತು, ಕಣ್ಣಲ್ಲಿ ನೀರಾಡಿತು. ನೆಂಟರ ಕೈ ಮುಂದೆ ಬರುವಷ್ಟರಲ್ಲಿ ತಟ್ಟೆಯನ್ನೇ ತನ್ನ ಕಡೆ ಎಳೆದುಕೊಂಡ.

"ಇವಿಷ್ಟೂ ನನಗ ಇರ್ಲಿರಿ. ಮೊದಲನೇ ಸಲ ಮಡಿಚ್ಯಾಳ, ಯಾರಿಗೂ ಕೊಡಂಗಿಲ್ಲ."

ಎಲ್ಲವನ್ನೂ ಟವೆಲಿನಲ್ಲಿ ಕಟ್ಟಿಕೊಂಡು ಎದ್ದುಹೋದ. ನೆಂಟರು ನಕ್ಕರು. ಅವರಿಗೆ ಅತ್ತೆ ಬೇರೆ ಎಲೆ ತಂದುಕೊಟ್ಟಳು.

ಮಾವ ಮೆಚ್ಚಿದನೆಂದು ಹಿಗ್ಗುತ್ತಲೇ ನೀಲಗಂಗಮ್ಮ ನೀರಿಗೆಂದು ಹಿತ್ತಲಿಗೆ ಬಂದಳು. ಅಲ್ಲಿ ಮಾವ ಬಾಯಿ ಮುಕ್ಕಳಿಸಿ ಮುಕ್ಕಳಿಸಿ ಉಗುಳುತ್ತಿದ್ದ. ನಾಲಿಗೆ ಸುಟ್ಟು ಕೆಂಪಾಗಿತ್ತು. ಅವಳು ಕೊಡ ಕೆಳಗಿಟ್ಟು ಅತ್ತೇಬಿಟ್ಟಳು.

"ತಪ್ಪಾತ್ರಿ ಮಾವ. ನನಗ ಗೊತ್ತಿರಲಿಲ್ಲ."

"ಅಳಬ್ಯಾಡವ್ವ. ನಿಮ್ಮ ಮನ್ಯಾಗ ಯಾರೂ ಎಲಿ ತಿನ್ನಂಗಿಲ್ಲ ಅಂತ ನಿಮ್ಮಪ್ಪ ಹೇಳಿದ್ದ, ನಾನ ಮರೆತೆ. ನಿಮ್ಮತ್ತಿ ಮುಂದ ಮಾತ್ರ ಹೇಳಬ್ಯಾಡ, ವರ್ಷಗಟ್ಲೆ ನಗ್ತಾಳ."

ಹಂಪಮ್ಮನಿಗೆ ತಿಳಿಯದೆ ಇರಲಿಲ್ಲ. ಖಾರ ಬಿಟ್ಟು ಬರೀ ಮೊಸರನ್ನ ಕೇಳುವ ಗಂಡನನ್ನು ಅವಳು ಕೆಣಕಲಿಲ್ಲ. ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಲೆಗೆ ಎಷ್ಟು ಸುಣ್ಣ ಸವರಬೇಕೆಂದು ತೋರಿಸಿದಳು. ಅರಿಸಿನದ ನೀರಿಗೆ ಚೂರು ಸುಣ್ಣ ಹಾಕಿದಳು, ನೀರು ಕೆಂಪಾಯಿತು. "ಆರತಿಗೆ ಹಿಂಗ ಮಾಡೋದು. ಕಣಜ ಕಡಿದರೂ ಈ ಸುಣ್ಣಾನ ಹಚ್ತೀವಿ," ಎಂದಳು. ಅವ್ವ ಇದ್ದಿದ್ದರೆ ಹೀಗೇ ಕಲಿಸುತ್ತಿದ್ದಳೇನೋ ಎನಿಸಿ ನೀಲಗಂಗಮ್ಮ ಅತ್ತೆಯ ಕೈಯನ್ನೇ ನೋಡುತ್ತ ಕೂತಳು.

ಬಾಯಿ ಮಾಯ್ದ ಮೇಲೆ ಒಂದು ದಿನ, ಪಡಸಾಲೆ ತುಂಬ ಜನರಿದ್ದಾಗ, ಮಾವ ಮತ್ತೆ ಅವಳನ್ನೇ ಕೂಗಿದ. ಅಂಜುತ್ತ ತಟ್ಟೆ ಹಿಡಿದಳು. ಅವನು ಎಲೆ ಬಿಚ್ಚಿ ನೋಡಲಿಲ್ಲ. ಬಾಯಿಗಿಟ್ಟುಕೊಂಡು, ಭತ್ತದ ಮಾತನ್ನು ಬಿಟ್ಟಲ್ಲಿಂದ ಮುಂದುವರಿಸಿದ.

ನೀಲಗಂಗಮ್ಮ ಒಳಗೆ ಬಂದು ಕಂಬಕ್ಕೆ ಒರಗಿ ನಿಂತಳು. ಯಾರಾದರೂ ಸಂಡೂರಿನ ಬಸ್ಸು ಹತ್ತುವವರಿದ್ದರೆ ಅಪ್ಪನಿಗೆ ಹೇಳಿಕಳಿಸಬೇಕು ಅಂದುಕೊಂಡಳು, ನನ್ನ ಚಿಂತೆ ಬ್ಯಾಡ ಅಂತ.