ಅರ್ಧಕ್ಕೆ ನಿಂತ ಪುರಾಣ

ಸಂತೆಕಲ್ಲೂರಿನ ಕರಿಬಸಪ್ಪನ ಮನೆಯ ಪಡಸಾಲೆಯ ಗೋಡೆಯ ಗೂಡಿನಲ್ಲಿ ಒಂದು ಪುಸ್ತಕ ಮೂರು ವರ್ಷದಿಂದ ಕೂತಿತ್ತು. ಕೆಂಪು ವಸ್ತ್ರದಲ್ಲಿ ಸುತ್ತಿ ದಾರ ಬಿಗಿದ ಪುರಾಣ. ದಿನಾ ಬೆಳಿಗ್ಗೆ ಅದರ ಮೇಲೊಂದು ಹೂವು ಬೀಳುತ್ತಿತ್ತು, ಬಿಚ್ಚುವವರು ಮಾತ್ರ ಯಾರೂ ಇರಲಿಲ್ಲ. ಎಮ್ಮೆ ತಿಂಗಳು ತುಂಬದೆ ಕಂದು ಹಾಕಿದರೂ, ಗೋಡೆ ಬಿರಿದರೂ, ಹಿಟ್ಟಿಗೆ ಹುಳ ಬಿದ್ದರೂ ಆ ಮನೆಯಲ್ಲಿ ಕಾರಣ ಒಂದೇ: ಹಚ್ಚಿದ ಪುರಾಣ ಅರ್ಧಕ್ಕೆ ನಿಂತಿದೆ. ನಿಲ್ಲಿಸಿದವಳು ಸೊಸೆ ಶೇಖರಮ್ಮ.

ಪುರಾಣ ಹಚ್ಚುವುದೆಂದರೆ ಆ ಸೀಮೆಯಲ್ಲಿ ಹುಡುಗಾಟದ ಮಾತಲ್ಲ. ಶ್ರಾವಣದಲ್ಲಿ ದಿನ ನೋಡಿ ವ್ಯಾಸಪೀಠದ ಮೇಲೆ ಪುಸ್ತಕ ಇಟ್ಟರೆಂದರೆ, ಕೊನೆಯ ಪದ್ಯ ಓದಿ ಮಂಗಳ ಹಾಡುವವರೆಗೆ ಬಿಡುವಂತಿಲ್ಲ. ಓದಲು ಕೂತವರು ಆ ದಿನದ ಸಂಧಿ ಮುಗಿಯದೆ ಏಳುವಂತಿಲ್ಲ. ಶೇಖರಮ್ಮ ಗಜೇಂದ್ರಗಡದ ಕಡೆಯ ಹೆಣ್ಣು. ಅಲ್ಲಿಯ ಸಾಲೆಯಲ್ಲಿ ಕನ್ನಡ ನಾಲ್ಕನೇ ಇಯತ್ತೆ ಮುಗಿಸಿದವಳು. ಗಂಡ ಕರಿಬಸಪ್ಪ ನಿಜಾಮನ ಕಾಲದಲ್ಲಿ ಲಿಂಗಸುಗೂರಿನಲ್ಲಿ ಉರ್ದು ಕಲಿತವನು, ಕನ್ನಡ ಅಕ್ಷರ ಕಂಡರೆ ಗುರುತಿಲ್ಲದ ಬೀಗರನ್ನು ಕಂಡಂತೆ ದೂರ ಸರಿಯುತ್ತಿದ್ದ. ಅತ್ತೆ ಬಸವಣ್ಣೆಮ್ಮನಿಗೆ ಯಾವ ಅಕ್ಷರವೂ ಬಾರದು. ಪೊಲೀಸ್ ಆ್ಯಕ್ಷನ್ ಆಗಿ ರಜಾಕಾರರ ಅಂಜಿಕೆ ಹೋದ ಎರಡನೆಯ ಶ್ರಾವಣದಲ್ಲಿ ಆಕೆ ಓಣಿಯ ಹೆಂಗಸರನ್ನೆಲ್ಲ ಕರೆದು, ನಮ್ಮ ಸೊಸಿ ಪುರಾಣ ಓದತಾಳ ಎಂದು ಡಂಗುರ ಹೊಡೆದಳು. ಮಧ್ಯಾಹ್ನದ ಊಟವಾದ ಮೇಲೆ ಪಡಸಾಲೆ ತುಂಬುತ್ತಿತ್ತು.

ಶೇಖರಮ್ಮನಿಗೆ ಆ ಪುರಾಣ ಮೊದಲ ದಿನವೇ ಸೇರಲಿಲ್ಲ. ಅದರಲ್ಲಿ ಹೊನ್ನಲಿಂಗವ್ವೆ ಎಂಬ ಶರಣೆ. ಗಂಡ ಹೊಗಳಿದರೂ ನಗುವುದಿಲ್ಲ, ಬೈದರೂ ಅಳುವುದಿಲ್ಲ. ಮನೆ ಸುಟ್ಟರೂ ಪೂಜೆ, ಹೊಲ ಹೋದರೂ ಪೂಜೆ. ಒಂದು ದಿನವೂ ಅವಳ ರೊಟ್ಟಿ ಸೀದದ್ದಿಲ್ಲ, ಒಂದು ದಿನವೂ ಅವಳಿಗೆ ಸೊಂಟ ನೋವಾದದ್ದಿಲ್ಲ. ಪದ್ಯ ಓದಿ ಅರ್ಥ ಹೇಳುವಾಗ ಶೇಖರಮ್ಮನಿಗೆ ಆಕಳಿಕೆ ಬರುತ್ತಿತ್ತು. ಬರೆದ ಪುಣ್ಯಾತ್ಮ ಹೆಣ್ಣುಮಕ್ಕಳ ಜೊತೆ ಒಂದು ದಿನವಾದರೂ ಒಲೆ ಮುಂದೆ ಕೂತಿದ್ದನೋ ಇಲ್ಲವೋ ಎಂದು ಒಳಗೇ ಅಂದುಕೊಳ್ಳುತ್ತಿದ್ದಳು. ಆದರೂ ಓದಿದಳು. ಸೇರದಿದ್ದರೆ ಬಿಡಲು ಅದೇನು ಅವಳ ಸ್ವಂತದ ಪುಸ್ತಕವೇ?

ಆಗ ಅವಳ ಮಗ ಹಂಪಣ್ಣನಿಗೆ ಎರಡು ತುಂಬಿತ್ತು. ಸತ್ತ ಅಜ್ಜನ ಹೆಸರು; ಗಂಡನ ಹೆಸರು ಬಾಯಿಂದ ಹೇಳಬಾರದೆಂದು ಬಸವಣ್ಣೆಮ್ಮ ಮೊಮ್ಮಗನನ್ನು ಸಾವ್ಕಾರ ಎಂದೇ ಕೂಗುತ್ತಿದ್ದಳು. ಆ ದಿನ ಬೆಳಿಗ್ಗೆಯಿಂದ ಕೂಸಿಗೆ ಮೈ ಕಾದಿತ್ತು. ಹಲ್ಲಿನ ಜ್ವರ, ತಾನೇ ಇಳಿಯುತ್ತದೆ ಎಂದಳು ಅತ್ತೆ. ಒಳಗೆ ತೊಟ್ಟಿಲಿನಲ್ಲಿ ಮಲಗಿಸಿ ಶೇಖರಮ್ಮ ಓದಲು ಕೂತಳು. ಸಂಧಿ ನಡುವಿಗೆ ಬಂದಾಗ ಅವಳು ಎದ್ದು ಒಳಗೆ ಓಡಿದ್ದನ್ನು ಪಡಸಾಲೆಯಲ್ಲಿದ್ದವರೆಲ್ಲ ನೋಡಿದರು. ಕೂಸಿನ ಕೈಕಾಲು ಸೆಟೆದಿದ್ದವು, ಕಣ್ಣು ಮೇಲಕ್ಕೆ ಹೋಗಿತ್ತು. ಕರಿಬಸಪ್ಪ ಗಾಡಿ ಹೂಡಿದ. ಮಸ್ಕಿ ಮುಟ್ಟಿದ ಮೇಲೆ ಹಕೀಮ ಉಸ್ಮಾನ್‌ಸಾಬ್ ನಾಡಿ ಹಿಡಿಯುವಾಗ ಕರಿಬಸಪ್ಪ ಹೊರಗೆ ಎತ್ತುಗಳನ್ನು ಕಟ್ಟುತ್ತಿದ್ದ. ಹಕೀಮ ಹೇಳಿದ್ದು ಶೇಖರಮ್ಮನ ಕಿವಿಗೆ ಮಾತ್ರ ಬಿತ್ತು.

"ಜರಾ ಮೊದಲ ತರಬೇಕಿತ್ತಲ್ಲವ್ವ."

ಹಂಪಣ್ಣನನ್ನು ಮಣ್ಣು ಮಾಡಿ ಬಂದ ಮೇಲೆ ಮಾತಾಡಿಸಲು ಬಂದ ಹೆಂಗಸರ ಮುಂದೆ ಬಸವಣ್ಣೆಮ್ಮ ಎದೆ ಬಡಿದುಕೊಂಡಳು. ಪುರಾಣದಲ್ಲಿ ಮುಂದೆ ಬರುವುದೂ ಅಂಥದೇ ಕಥೆಯಂತೆ. ಆಕೆ ಸಣ್ಣವಳಿದ್ದಾಗ ತವರಿನಲ್ಲಿ ಕೇಳಿದ್ದಳು. ಹೊನ್ನಲಿಂಗವ್ವೆ ಲಿಂಗಪೂಜೆಗೆ ಕೂತಾಗ ಕೂಸು ಒದ್ದಾಡಿ ಪ್ರಾಣ ಬಿಡುತ್ತದೆ. ಅವಳು ಕಣ್ಣು ತೆರೆಯುವುದಿಲ್ಲ. ಪೂಜೆ ಮುಗಿಯುತ್ತಲೂ ಕೂಸು ನಿದ್ದೆಯಿಂದ ಎದ್ದಂತೆ ಎದ್ದು ಕೂಡುತ್ತದೆ.

"ಆ ಶರಣಿ ಏಳಲಿಲ್ಲ, ಆಕಿ ಕೂಸು ಎದ್ದಿತು," ಎಂದಳು ಬಸವಣ್ಣೆಮ್ಮ. "ನಮ್ಮಾಕಿ ಎದ್ದಳು, ನಮ್ಮ ಸಾವ್ಕಾರ ಏಳಲಿಲ್ಲ."

ಆ ಮಾತು ಓಣಿ ತುಂಬ ಓಡಾಡಿತು. ಹಿತ್ತಲಿನಲ್ಲಿ, ಬಾವಿಯ ಕಟ್ಟೆಯಲ್ಲಿ, ಮಸ್ಕಿಯ ಸಂತೆಯಲ್ಲಿ ಶೇಖರಮ್ಮನ ಬೆನ್ನಿಗೆ ಬಿತ್ತು. ಅವಳು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಏನು ಹೇಳಬೇಕಿತ್ತೋ ಅದು ಅವಳನ್ನೂ ಅತ್ತೆಯನ್ನೂ ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ.

ಹೀಗೆ ಮೂರು ವರ್ಷ. ನಾಲ್ಕನೆಯ ಶ್ರಾವಣ ಬರುವಾಗ ಶೇಖರಮ್ಮನಿಗೆ ಏಳು ತಿಂಗಳು. ಸಿಂಧನೂರಿನ ಕಡೆ ಕಾಲುವೆ ತೋಡುತ್ತಿದ್ದಾರೆ, ಇನ್ನು ಭತ್ತ ಬೆಳೆಯುತ್ತಾರಂತೆ ಎಂದು ಊರಿನ ಗಂಡಸರೆಲ್ಲ ಅದೇ ಮಾತು. ಈ ಮನೆಯಲ್ಲಿ ಮಾತ್ರ ಬೇರೆ ಮಾತು. ಹೆರಿಗೆಯಾಗುವ ಮೊದಲು ಪುರಾಣ ಮುಗಿಯಬೇಕು, ಇಲ್ಲದಿದ್ದರೆ ಈ ಕೂಸೂ ದಕ್ಕುವುದಿಲ್ಲ ಎಂದು ಬಸವಣ್ಣೆಮ್ಮ ಪಟ್ಟು ಹಿಡಿದಳು. ಕರಿಬಸಪ್ಪ ಒಳ್ಳೆಯವನೇ, ಆದರೆ ತಾಯಿಯ ಮುಂದೆ ನಾಲಿಗೆ ಒಳಗೆ ಹೋಗುವ ಜಾತಿ. ಉಳಿದದ್ದು ಇನ್ನೆಷ್ಟು, ನಾಲ್ಕು ದಿನ ಕಣ್ಣು ಮುಚ್ಚಿ ಓದಿ ಒಗೆ ಅತ್ತ ಎಂದ. ಕಣ್ಣು ಮುಚ್ಚಿ ಹೇಗೆ ಓದುವುದೆಂದು ಅವನನ್ನು ಕೇಳಿ ಏನು ಉಪಯೋಗ?

ಒಂದು ಮಧ್ಯಾಹ್ನ ಅತ್ತೆ ಮಠಕ್ಕೆ ಹೋದಾಗ ಶೇಖರಮ್ಮ ಗೂಡಿನ ಮುಂದೆ ನಿಂತಳು. ಓದದೆ ಬಿಟ್ಟು ನಾಳೆ ಈ ಕೂಸಿಗೆ ಏನಾದರೂ ಆದರೆ ಊರು ಬಿಡುವುದಿಲ್ಲ. ಊರು ಬಿಟ್ಟರೂ ತನ್ನ ಮನಸ್ಸು ಬಿಡುವುದಿಲ್ಲ. ಓದಿ ಮಂಗಳ ಹಾಡಿದರೋ, ನಾನು ಎದ್ದದ್ದಕ್ಕೇ ನನ್ನ ಮಗ ಸತ್ತ ಎಂದು ಹತ್ತು ಮಂದಿಯ ಮುಂದೆ ರಾಗ ಮಾಡಿ ಒಪ್ಪಿಕೊಂಡಂತೆ. ನಂಬಿಕೆ ಇಲ್ಲ ಎಂದು ಹೇಳುವಷ್ಟು ಧೈರ್ಯವೂ ಅವಳಿಗಿರಲಿಲ್ಲ, ನಂಬುವಷ್ಟು ಮನಸ್ಸೂ ಇರಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ನಿಂತಳು. ಕೊನೆಗೆ ಹೊಟ್ಟೆಯಲ್ಲಿದ್ದದ್ದೇ ಗೆದ್ದಿತು. ಸಂಜೆ ಅತ್ತೆ ಬಂದಾಗ, ಓದುತ್ತೇನೆ ಎಂದಳು.

ಸೋಮವಾರ ಪಡಸಾಲೆ ಸಾರಿಸಿದರು. ಓಣಿಯ ಹೆಂಗಸರು ಬಂದು ಕೂತರು. ಪಕ್ಕದ ಮನೆಯ ಶಿವಬಸಮ್ಮ ಪ್ರಸಾದಕ್ಕೆಂದು ಸಕ್ಕರೆ ಪುಟಾಣಿ ತಂದಿದ್ದಳು. ಶೇಖರಮ್ಮ ದಾರ ಬಿಚ್ಚಿದಳು. ಮೂರು ವರ್ಷದ ಹಿಂದಿನ ಹೂವಿನ ಎಸಳು ಹಾಳೆಯ ನಡುವೆ ಕಂದಿ ಅಂಟಿಕೊಂಡಿತ್ತು. ಅಂದು ಕೂತಿದ್ದ ಜಾಗದಲ್ಲೇ ಬಸವಣ್ಣೆಮ್ಮ ಇಂದೂ ಕೂತಿದ್ದಳು, ಸೊಸೆಯ ಎಡಕ್ಕೆ, ಮಗ್ಗುಲಿಗೆ ಮಗ್ಗುಲು ಹಚ್ಚಿ.

ಓದು ಸಾಗಿತು. ಶೇಖರಮ್ಮನ ದನಿ ಮೊದಲಿನಂತೆಯೇ ಸ್ವಚ್ಛವಾಗಿತ್ತು. ಶರಣೆ ಪೂಜೆಗೆ ಕೂತಳು. ಒಳಗೆ ಕೂಸು ಕೂಗಿತು. ಅವಳು ಕಣ್ಣು ತೆರೆಯಲಿಲ್ಲ. ಕೂಸು ಇನ್ನೊಮ್ಮೆ ಕೂಗಿತು. ಹೆಂಗಸರು ಸೆರಗು ಬಾಯಿಗೆ ಹಚ್ಚಿ ಕೇಳುತ್ತಿದ್ದರು. ಪದ್ಯದ ಅರ್ಥ ಹೇಳಬೇಕಾದಲ್ಲಿ ಶೇಖರಮ್ಮ ಹಾಳೆಯ ಮೇಲೆ ಬೆರಳಿಟ್ಟು ಓದು ನಿಲ್ಲಿಸಿದಳು. ಈ ಪುಸ್ತಕದ ಮೇಲೆ ಅವಳಿಗಿದ್ದದ್ದು ಬೇಸರವಲ್ಲ, ಸಿಟ್ಟು. ಅದು ಈಗ ಅವಳಿಗೇ ಗೊತ್ತಾಯಿತು.

ಯಾಕ ನಿಂತಿ, ಓದು ಎಂದಳು ಬಸವಣ್ಣೆಮ್ಮ. ಮುಂದೆ ಕೂಸು ಏಳುತ್ತದೆ, ಅದನ್ನು ಓದಿ ಮುಗಿಸು ಎಂದಳು.

ಶೇಖರಮ್ಮ ಪುಸ್ತಕ ಮುಚ್ಚಿದಳು. ಅತ್ತೆಯ ಕಡೆ ತಿರುಗಿ, ದನಿ ಎತ್ತದೆ, ಎಲ್ಲರಿಗೂ ಕೇಳುವಂತೆ ಹೇಳಿದಳು.

"ನಾ ಎದ್ದಿದ್ದಕ್ಕ ನನ ಮಗ ಸತ್ತಿಲ್ಲರೀ ಅತ್ತಿ. ಕುಂತಿದ್ದಕ್ಕ ಸತ್ತಾನ. ಮೊದಲನೇ ಸಲ ಕೂಗಿದಾಗ ಏಳಾಕ ಹೋದೆ, ನೀವು ಯಾರಿಗೂ ಕಾಣದಂಗ ಸೆರಗು ಹಿಡಿದ್ರಿ. ಎರಡನೇ ಸಲ ಕೂಗಿದಾಗೂ ಬಿಡಲಿಲ್ಲ. ಅಳೋದು ನಿಂತ ಮ್ಯಾಲ ನಾ ಕಿತ್ತಗೊಂಡು ಎದ್ದೆ. ಸಂಧಿ ಮುಗೀಲಿ ಅಂತ ನಾನೂ ಓದಕೋತ ಕುಂತೆನಲ್ಲ, ಅದು ನನ್ನ ಸುಡಾಕತ್ತೈತಿ. ಈ ಪುಸ್ತಕ ನಾ ಮುಗಸಂಗಿಲ್ಲ."

ಹಕೀಮ ಹೇಳಿದ ಮಾತನ್ನೂ ಶೇಖರಮ್ಮ ಹೇಳಿದಳು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದರು. ಸಕ್ಕರೆ ಪುಟಾಣಿ ಮುಟ್ಟಿದವರಿಲ್ಲ. ಶಿವಬಸಮ್ಮ ಹೋಗುವಾಗ ಶೇಖರಮ್ಮನ ತಲೆಯ ಮೇಲೆ ಕೈಯಿಟ್ಟು ಹೋದಳು.

ಬಸವಣ್ಣೆಮ್ಮ ಕೂತಲ್ಲೇ ಕೂತಿದ್ದಳು. ಬೈಯುತ್ತಾಳೆ, ಶಾಪ ಹಾಕುತ್ತಾಳೆ ಎಂದು ಸೊಸೆ ಕಾದಳು. ಮುದುಕಿ ತನ್ನ ಬಲಗೈಯನ್ನು ತೊಡೆಯ ಮೇಲೆ ಚಾಚಿ ಅದನ್ನೇ ನೋಡುತ್ತಿದ್ದಳು.

"ಸೆರಗು ಹಿಡಿದಿದ್ದೆ, ಖರೇ," ಎಂದಳು ಕೊನೆಗೆ. "ಇದೊಂದು ಮುಗಿದ್ರ ನನಗ ನಿದ್ದಿ ಹತ್ತೀತು ಅನಕೊಂಡಿದ್ದೆ."

ಅಷ್ಟೇ. ತಪ್ಪಾಯಿತು ಎನ್ನಲಿಲ್ಲ, ಸೊಸೆಯೂ ಇರಲಿ ಬಿಡ್ರಿ ಎನ್ನಲಿಲ್ಲ. ಬಸವಣ್ಣೆಮ್ಮ ತಾನೇ ಪುಸ್ತಕವನ್ನು ವಸ್ತ್ರದಲ್ಲಿ ಸುತ್ತಿ ದಾರ ಕಟ್ಟಿ ಗೂಡಿಗೆ ಸೇರಿಸಿದಳು. ಮರುದಿನದಿಂದ ಅದರ ಮೇಲೆ ಹೂವು ಬೀಳಲಿಲ್ಲ. ಅತ್ತೆ ಸೊಸೆ ಇಬ್ಬರೂ ಒಂದೇ ಒಲೆಯ ಮುಂದೆ ಕೂತು, ಬೇಕಾದಷ್ಟೇ ಮಾತಾಡಿ ದಿನ ದೂಡಿದರು. ಓಣಿಯ ಬಾಯಿ ಈಗ ಮುದುಕಿಯ ಕಡೆ ತಿರುಗಿತು. ಅದರಿಂದ ಶೇಖರಮ್ಮನಿಗೆ ಸಮಾಧಾನವೇನೂ ಆಗಲಿಲ್ಲ. ಹೆರಿಗೆಯ ದಿನ ಹತ್ತಿರ ಬಂದಂತೆ ಅವಳ ಕಣ್ಣು ತನಗರಿವಿಲ್ಲದೆ ಆ ಗೂಡಿನ ಕಡೆ ಹೋಗುತ್ತಿತ್ತು.

ದೀಪಾವಳಿ ಮುಂದಿರುವಾಗ ಹೆಣ್ಣು ಹುಟ್ಟಿತು. ಸಣ್ಣ ಕೂಸು, ಅಳು ಮಾತ್ರ ದೊಡ್ಡದು.

ಬಸವಣ್ಣೆಮ್ಮ ಲಿಂಗಪೂಜೆಗೆ ಕೂತರೆ ಮನೆಗೆ ಬೆಂಕಿ ಬಿದ್ದರೂ ಏಳದ ಹೆಂಗಸು. ಗಂಡ ಸತ್ತ ದಿನವೂ ಪೂಜೆ ಮುಗಿಸಿಯೇ ಹೊರಗೆ ಬಂದವಳು. ಊರೆಲ್ಲ ಬಲ್ಲ ಸಂಗತಿ. ಕೂಸಿಗೆ ತಿಂಗಳು ತುಂಬುತ್ತ ಬಂದಿತ್ತು. ಒಂದು ಬೆಳಿಗ್ಗೆ ಶೇಖರಮ್ಮ ಹಿತ್ತಲಿನಲ್ಲಿ ಕೂಸಿನ ಬಟ್ಟೆ ಒಗೆಯುತ್ತಿದ್ದಳು. ಒಳಗೆ ತೊಟ್ಟಿಲಿನಿಂದ ಕೂಗು ಕೇಳಿತು. ಕೈಯಲ್ಲಿದ್ದದ್ದನ್ನು ಬಿಸುಟು ಓಡಿ ಬಂದಳು. ಬಾಗಿಲಿಗೆ ಬರುವುದರಲ್ಲಿ ಕಾಲು ನಿಂತಿತು.

ತೊಟ್ಟಿಲಿನ ಹತ್ತಿರ ಬಸವಣ್ಣೆಮ್ಮ ನಿಂತಿದ್ದಳು. ಹಣೆಯ ವಿಭೂತಿ ಅರ್ಧಕ್ಕೇ ನಿಂತಿತ್ತು. ಎಡಗೈಯ ಮುಷ್ಟಿಯಲ್ಲಿ ಲಿಂಗ ಬಿಗಿಯಾಗಿತ್ತು, ಪತ್ರಿಯ ಎಲೆಗಳು ದಾರಿಯುದ್ದಕ್ಕೂ ಚೆಲ್ಲಿದ್ದವು. ಬಲಗೈಯಿಂದ ಕೂಸನ್ನು ಎದೆಗೆ ಒತ್ತಿಕೊಂಡು, ಅದರ ಹಣೆ ಮುಟ್ಟಿ, ಹೊಟ್ಟೆ ಮುಟ್ಟಿ, ಮತ್ತೆ ಹಣೆ ಮುಟ್ಟಿ ನೋಡುತ್ತಿದ್ದಳು. ಕೂಸಿಗೆ ಏನೂ ಆಗಿರಲಿಲ್ಲ, ಹಸಿದಿತ್ತು, ಅಷ್ಟೇ.

"ಎದ್ದೀನಿ ನೋಡು," ಎಂದಳು ಮುದುಕಿ. ಅದನ್ನು ಅವಳು ಸೊಸೆಗೆ ಹೇಳಲಿಲ್ಲ, ಎತ್ತಿಕೊಂಡ ಕೂಸಿಗೂ ಹೇಳಲಿಲ್ಲ. "ಸಾವ್ಕಾರಾ, ಎದ್ದೀನಿ ನೋಡೋ."

ಶೇಖರಮ್ಮ ಕೂಸನ್ನು ತೆಗೆದುಕೊಂಡು ಗೋಡೆಗೆ ಒರಗಿ ಕೂತು ಮೊಲೆಗೆ ಹಾಕಿಕೊಂಡಳು. ಅದು ಗುಟುಕು ಗುಟುಕಾಗಿ ಕುಡಿಯತೊಡಗಿತು. ಮೂರು ವರ್ಷದ ಹಿಂದೆ ಇಷ್ಟೇ ಬೇಕಾಗಿತ್ತು, ಯಾರಾದರೊಬ್ಬರು ಏಳಬೇಕಾಗಿತ್ತು. ಅವಳು ಅತ್ತಳು, ಅತ್ತೆಯೂ ಅತ್ತಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.