ಗೆದ್ದ ಕೆಸರು

ಬೇಸಿಗೆಯ ರಸ್ತೆ ಪಂದ್ಯಗಳಲ್ಲಿ ಅನೆಲೋರ ತನ್ನ ತಂಡದ ನಾಯಕಿಗೆ ನೀರು ಹೊತ್ತು, ಗಾಳಿಗೆ ಎದೆಯೊಡ್ಡಿ ಸೈಕಲ್ ತುಳಿದವಳು. ಗೆಲುವು ಯಾವಾಗಲೂ ಬೇರೆಯವರದು. ಚಳಿಗಾಲದ ಕೆಸರಿನ ಪಂದ್ಯಗಳಲ್ಲಿ ಮಾತ್ರ ಅವಳು ತನಗಾಗಿ ತುಳಿದಳು, ಬೆಲ್ಜಿಯಮ್ಮಿನ ಫ್ಲಾಂಡರ್ಸ್ ಸೀಮೆಯ ತುಂಬ ಗೆದ್ದಳು, ಹುಟ್ಟೂರೊಂದನ್ನು ಬಿಟ್ಟು. ಇವತ್ತು ಅದೇ ಊರಿನಲ್ಲಿ ಅವಳ ಕೊನೆಯ ಪಂದ್ಯ.

ಅವಳ ತಾಯಿ ಗೋಡೆಲೀವ ಮಗಳ ಒಂದು ಗೆಲುವನ್ನೂ ಕಣ್ಣಾರೆ ಕಂಡವಳಲ್ಲ. ಪಂದ್ಯದ ನಡುವೆ ಮಗಳು ಕೆಸರು ಮೆತ್ತಿದ ಸೈಕಲ್ ಬಿಟ್ಟು, ತೊಳೆದಿಟ್ಟ ಇನ್ನೊಂದನ್ನು ಕಸಿದುಕೊಂಡು ಹೋಗುವ ಜಾಗದಲ್ಲಿ ಪೈಪು ಹಿಡಿದು ನಿಲ್ಲುವುದೇ ಅವಳ ಕೆಲಸ. ಗೆಲುವೆಂದರೆ ಅವಳಿಗೆ ದೂರದ ಕೂಗು.

“ಅಮ್ಮಾ, ಕೊನೇ ಸುತ್ತಲ್ಲಿ ನಾನು ಸೈಕಲ್ ಬದಲಾಯಿಸಲ್ಲ,” ಎಂದಿದ್ದಳು ಮಗಳು ಬೆಳಿಗ್ಗೆ. “ಪೈಪ್ ಬಿಸಾಕಿ ಗೆಲುವಿನ ಗೆರೆ ಹತ್ರ ಬಾ. ಒಂದ್ಸಲನಾದ್ರೂ ನೋಡೇ.”

ಕೊನೆಯ ಸುತ್ತು ಶುರುವಾದಾಗ ಅನೆಲೋರ ಮುಂದಿದ್ದಳು. ಗೋಡೆಲೀವ ಕೈ ಒರೆಸಿಕೊಂಡು ಹೊರಟಳು. ಎದುರಾಳಿ ಹುಡುಗಿಯ ಸೈಕಲ್ ತೊಳೆಯುವ ಫಿರ್ಮಿನ್ ಸುಮ್ಮನಿರುತ್ತಾನೆಯೇ?

“ಏನಕ್ಕಾ, ಕೊನೆಗೂ ರಜಾ ಸಿಕ್ತಾ? ತಲೆ ಬಾಚ್ಕೊಂಡ್ ಹೋಗು, ಟಿವೀಲಿ ಬರ್ತೀಯ!”

“ನಿನ್ ಹುಡುಗಿ ಎರಡನೇವ್ಳಾಗಿ ಬರೋದನ್ನ ನೋಡ್ಕೊಂಡ್ ಬರ್ತೀನಿ ಇರು.”

ಆಲೂಗಡ್ಡೆ ಕರಿಯುವ ಗಾಡಿಯವರೆಗೆ ಬಂದವಳಿಗೆ ಕಾಲು ಭಾರವಾಯಿತು. ಮಳೆ ನಿಂತು ಗಾಳಿ ಎದ್ದಿತ್ತು. ನೀರಾಗಿದ್ದ ಕೆಸರು ಈಗ ಅಂಟಾಗಿ, ಹುಲ್ಲಿನ ಸಮೇತ ಬೂಟಿಗೆ ಮೆತ್ತಿತ್ತು. ಇದು ಚಕ್ರವನ್ನು ಕಚ್ಚಿ ನಿಲ್ಲಿಸುತ್ತದೆ. ಗೆಲುವಿನ ಗೆರೆ ಕಣ್ಣೆದುರಿಗೇ ಇತ್ತು. ಆದರೆ ಮಗಳಿಗೆ ಈಗ ತೊಳೆದ ಸೈಕಲ್ ಬೇಕೇ ಬೇಕು. ಗೋಡೆಲೀವ ಆ ಕೆಸರಿಗೆ ಹಿಡಿಶಾಪ ಹಾಕಿ, ಬಂದ ದಾರಿಯಲ್ಲೇ ಓಡಿದಳು.

ತೊಳೆದ ಸೈಕಲ್ ಎತ್ತಿ ಹಿಡಿಯುವಷ್ಟರಲ್ಲಿ, ಚಕ್ರ ಕಚ್ಚಿಕೊಂಡ ಸೈಕಲ್ಲನ್ನು ಹೆಗಲಿಗೇರಿಸಿ ಅನೆಲೋರ ಓಡಿಬಂದಳು. ಎದುರಾಳಿ ಆಗಲೇ ದಾಟಿ ಹೋಗಿದ್ದಳು.

“ನೀನಿಲ್ಲೇ ಇದ್ದೀಯಾ!”

“ಬಾಯ್ಮುಚ್ಚಿ ಹತ್ತೇ!”

ಸ್ವಲ್ಪ ಹೊತ್ತಿಗೆ ಊರಿಗೆ ಊರೇ ಕೂಗಿತು. ಧ್ವನಿವರ್ಧಕದಲ್ಲಿ ಅನೆಲೋರಳ ಹೆಸರು. ಫಿರ್ಮಿನ್ ಟೋಪಿ ತೆಗೆದ. ಗೋಡೆಲೀವ ನಿಂತಲ್ಲೇ ಅತ್ತಳು, ನಾಚಿಕೆಯಿಲ್ಲದೆ, ಹೆಮ್ಮೆಯಿಂದ.

ಅನೆಲೋರ ಗೆದ್ದ ಸೈಕಲ್ಲನ್ನು ತಳ್ಳಿಕೊಂಡು ಬಂದಳು. “ಈ ಸಲಾನೂ ನೋಡ್ಲಿಲ್ವಲ್ಲಮ್ಮಾ!”

“ಯಾರೇ ಹೇಳಿದ್ದು? ಎಲ್ಲಿ ಬಿದ್ದೆ, ಎಲ್ಲಿ ಎದ್ದೆ, ಎಲ್ಲಾ ನಿನ್ ಸೈಕಲ್ ಕೆಸರಲ್ಲೇ ನೋಡಿದೀನಿ.”

ಫಿರ್ಮಿನ್ ಪೈಪು ಹಿಡಿದು ಬಂದ. “ಕೊಡಕ್ಕ, ಇವತ್ತು ನಾನು ತೊಳೀತೀನಿ.”

ಗೋಡೆಲೀವ ಸೈಕಲ್ಲಿಗೆ ಅಡ್ಡ ನಿಂತಳು.

“ಮುಟ್ಟಿದ್ರೆ ನೋಡು! ಇದು ಹೀಗೇ ಮನೆಗೆ ಬರುತ್ತೆ.”